ನಿಂಬೆಹಣ್ಣೂ ಬೇತಾಳನೂ
(ಬಾನುಲಿ ಭಾಷಣ)

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿ ತೆರಕಣಾಂಬಿ ಎಂಬ ಊರು ಸಿಗುತ್ತದೆ. ಸಾಹಿತ್ಯಚರಿತ್ರೆಯನ್ನು ಓದಿದವರಿಗೆ ಈ ಹೆಸರು ಅಪರಿಚಿತವಲ್ಲ. ‘ಸನತ್ಕುಮಾರ ಚರಿತೆ’ಯನ್ನು ಬರೆದ ಹದಿನೈದನೆಯ ಶತಮಾನದ ಜೈನಕವಿ ಬೊಮ್ಮರಸ ತೆರಕಣಾಂಬಿ ಬೊಮ್ಮರಸನೆಂದೇ ಪ್ರಸಿದ್ಧ. ಹಳೆಯ ದೇವಾಲಯಗಳು, ಸುತ್ತಲೂ ಹೊಲ, ದೂರದಲ್ಲಿ ಗೋಪಾಲಸ್ವಾಮಿ ಬೆಟ್ಟದ ನೀಲಿ, ಇವುಗಳ ನಡುವೆ ನನ್ನ ಬಾಲ್ಯ ಕಳೆಯಿತು. ನಾನು ಇಂದು ಹೇಳಹೊರಟಿರುವುದು ಆ ಊರಿನ ಇತಿಹಾಸವನ್ನಲ್ಲ. ಅಲ್ಲಿಯ ನಮ್ಮ ಮನೆಯ ಹೊಸಿಲಿನ ಬಳಿ ಒಂದು ಬೆಳಗ್ಗೆ ಬಿದ್ದಿದ್ದ ಅರ್ಧ ನಿಂಬೆಹಣ್ಣಿನ ವಿಷಯವನ್ನು.

ಅದು ಅಮಾವಾಸ್ಯೆಯ ಮಾರನೆಯ ದಿನ. ಕಸ ಗುಡಿಸಲು ಬಾಗಿಲು ತೆಗೆದ ನಮ್ಮಜ್ಜಿ ಪೊರಕೆಯನ್ನು ಅಲ್ಲೇ ಬಿಟ್ಟು ಒಳಕ್ಕೆ ಬಂದರು. ಜಗಲಿಯ ಅಂಚಿನಲ್ಲಿ ಕುಂಕುಮ ಮೆತ್ತಿದ ನಿಂಬೆಹಣ್ಣಿನ ಒಂದು ಹೋಳು. ಅದೇ ವಾರ ನನ್ನ ತಂಗಿಗೆ ಜ್ವರ ಬಂದಿತ್ತು. ಅವಳಿಗಾಗ ಒಂಬತ್ತು ತಿಂಗಳು. ಜ್ವರಕ್ಕೂ ಹಣ್ಣಿಗೂ ಗಂಟು ಬೀಳಲು ಅರ್ಧ ಗಳಿಗೆ ಬೇಕಾಗಲಿಲ್ಲ. ಒಂದು ಹೋಳು ಇಲ್ಲಿದೆಯೆಂದರೆ ಇನ್ನೊಂದು ಹೋಳು ಎಲ್ಲಿ? ಮನೆಯ ಆಯದ ಜಾಗದಲ್ಲಿ ಹೂತಿರಬೇಕೆಂದು ಯಾರೋ ಹೇಳಿದರು. ಹೊಸಿಲಿನ ಮುಂದೆ ಒಂದು ಮೊಳ ಆಳ ಅಗೆದದ್ದೂ ಆಯಿತು. ಏನೂ ಸಿಕ್ಕಲಿಲ್ಲ. ಸಿಕ್ಕದಿದ್ದುದರಿಂದ ಅನುಮಾನ ಕಡಿಮೆಯಾಗಬೇಕಾಗಿತ್ತು. ಆದರೆ ಇನ್ನೂ ಆಳದಲ್ಲಿ ಇಟ್ಟಿದ್ದಾರೆಂಬ ತೀರ್ಮಾನಕ್ಕೆ ಎಲ್ಲರೂ ಬಂದರು.

ಮುಂದಿನ ಪ್ರಶ್ನೆ, ಯಾರು ಎಂಬುದು. ನೆರೆಮನೆಯಲ್ಲಿ ಒಬ್ಬಂಟಿ ಮುದುಕಿಯೊಬ್ಬರಿದ್ದರು. ಅವರನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ಬೀದಿಯ ಎಷ್ಟೋ ಎಳೆಗೂಸುಗಳಿಗೆ ಎಣ್ಣೆ ನೀರು ಹಾಕಿದ ಕೈ ಅವರದು. ಜ್ವರ ಬರುವ ಎರಡು ದಿನ ಮೊದಲು ಅವರು ಬಂದು ನನ್ನ ತಂಗಿಯನ್ನು ಎತ್ತಿಕೊಂಡು ‘ಎಷ್ಟು ಗುಂಡಗವಳ ಕೂಸು’ ಎಂದಿದ್ದರು. ಆವರೆಗೆ ಅಕ್ಕರೆಯಾಗಿದ್ದ ಆ ಮಾತಿಗೆ ಈಗ ಇನ್ನೊಂದು ಅರ್ಥ ಹುಟ್ಟಿತು. ಅವರು ಅಮಾವಾಸ್ಯೆಯ ಸಂಜೆ ಜಗಲಿಯ ಮೇಲೆ ಒಬ್ಬರೇ ಕೂತಿದ್ದುದು, ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದುದು, ಹೀಗೆ ಒಂದೊಂದೂ ನೆನಪಿಗೆ ಬಂದು ತನ್ನ ಜಾಗದಲ್ಲಿ ಕೂತಿತು. ಮಾರನೆಯ ದಿನದಿಂದ ಅವರಿಗೆ ನಮ್ಮ ಮನೆಯ ಬಾಗಿಲು ಮುಚ್ಚಿತು.

ಇದೇ ಕಾಲದಲ್ಲಿ ನಾನೂ ನನ್ನ ಸಹಪಾಠಿಗಳೂ ಇನ್ನೊಂದು ಬಗೆಯ ಗೂಢಾರ್ಥ ಶೋಧನೆಯಲ್ಲಿ ತೊಡಗಿದ್ದೆವು. ನಮ್ಮ ಕ್ಷೇತ್ರ ‘ಚಂದಮಾಮ’. 1947ರಲ್ಲಿ ಮದರಾಸಿನಲ್ಲಿ ತೆಲುಗು ತಮಿಳುಗಳಲ್ಲಿ ಹುಟ್ಟಿ, 1949ರಲ್ಲಿ ಕನ್ನಡಕ್ಕೆ ಬಂದ ಈ ಮಾಸಪತ್ರಿಕೆ ಈಗ ನಿಂತುಹೋಗಿದೆ. ಆದರೆ ಒಂದು ಕಾಲದಲ್ಲಿ ಅದು ಹೋಗದ ಊರಿರಲಿಲ್ಲ. ಅದರಲ್ಲಿ ಬೇತಾಳಕಥೆಗೆ ಒಂದು ಚಿತ್ರವಿರುತ್ತಿತ್ತು. ಕೈಯಲ್ಲಿ ಕತ್ತಿ ಹಿಡಿದ ರಾಜ, ಅವನ ಹೆಗಲ ಮೇಲೆ ಜೋತುಬಿದ್ದ ಹೆಣ, ಸುತ್ತ ಸ್ಮಶಾನ. ಇದನ್ನು ಬರೆದವರು ಶಂಕರ್ ಎಂದೇ ಹೆಸರಾದ ಕೆ. ಸಿ. ಶಿವಶಂಕರನ್, 2020ರಲ್ಲಿ ತೀರಿಕೊಂಡರು. ತಿಂಗಳು ತಿಂಗಳೂ ಆ ಚಿತ್ರ ಬರುತ್ತಿತ್ತು. ಕಥೆ ಬದಲಾಗುತ್ತಿತ್ತು, ರಾಜ ಮಾತ್ರ ಹೆಣ ಹೊತ್ತು ಹಾಗೆಯೇ ನಡೆಯುತ್ತಿದ್ದ.

ಬದಲಾಗದ ಚಿತ್ರದಲ್ಲಿ ಏನೋ ಗುಟ್ಟಿರಲೇಬೇಕೆಂದು ನಮ್ಮಲ್ಲೊಬ್ಬ ಸಾಧಿಸಿದ. ಮರದ ಕೊಂಬೆಗಳು ಒಂದು ಅಕ್ಷರವಾಗುತ್ತವೆ, ತಲೆಬುರುಡೆಗಳನ್ನು ಎಣಿಸಿದರೆ ಯಾವುದೋ ತಿಥಿ ಬರುತ್ತದೆ, ಹಾವಿನ ಬಾಲ ತೋರಿಸುವ ದಿಕ್ಕಿನಲ್ಲಿ ನಿಧಿ ಇರುತ್ತದೆ, ಹೀಗೆ ಅವನ ಭಾಷ್ಯ ಬೆಳೆಯಿತು. ಪುಟವನ್ನು ತಲೆಕೆಳಗು ಮಾಡಿ ನೋಡಿದೆವು. ದೀಪಕ್ಕೆ ಹಿಡಿದು ಹಿಂಬದಿಯಿಂದ ನೋಡಿದೆವು. ಹುಡುಕಿದವರಿಗೆ ಸಿಕ್ಕದೆ ಇರುತ್ತದೆಯೆ? ನನಗೇ ಒಂದು ಸಲ ಬೇತಾಳನ ಕೂದಲಿನಲ್ಲಿ ನಮ್ಮ ಊರಿನ ಹೆಸರಿನ ಮೊದಲಕ್ಷರ ಕಂಡಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಹಿರಿಯರು ನಿಂಬೆಹಣ್ಣನ್ನು ಓದಿದ್ದಕ್ಕೂ ನಾವು ಚಿತ್ರವನ್ನು ಓದಿದ್ದಕ್ಕೂ ಏನೂ ಭೇದವಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹುಕಾಲದ ಮೇಲೆ. ಎರಡರಲ್ಲಿಯೂ ತೀರ್ಮಾನ ಮೊದಲು, ಸಾಕ್ಷ್ಯ ಆಮೇಲೆ. ಸಾಕ್ಷ್ಯ ಸಿಕ್ಕಿದರೆ ಗುಟ್ಟು ಬಯಲಾಯಿತು. ಸಿಕ್ಕದಿದ್ದರೆ ಗುಟ್ಟು ಇನ್ನೂ ಗಹನವಾಯಿತು. ಸೋಲೇ ಇಲ್ಲದ ಈ ಆಟಕ್ಕೆ ಮನುಷ್ಯ ಮನಸೋಲುವುದು ಆಶ್ಚರ್ಯವಲ್ಲ.

ಆದರೆ ಇದನ್ನು ಬರಿಯ ಅಜ್ಞಾನವೆಂದು ತಳ್ಳಿಹಾಕುವುದೂ ಸರಿಯಲ್ಲ. ಜೇಮ್ಸ್ ಫ್ರೇಜರ್ 1890ರಲ್ಲಿ ಪ್ರಕಟಿಸಿದ ‘ದಿ ಗೋಲ್ಡನ್ ಬೌ’ ಗ್ರಂಥದಲ್ಲಿ ಮಾಟದ ಹಿಂದಿರುವ ವಿಚಾರಕ್ರಮವನ್ನು ಎರಡು ಸೂತ್ರಗಳಿಗೆ ಇಳಿಸಿದ. ಒಂದು ಸಾದೃಶ್ಯ: ಶತ್ರುವಿನ ಹೋಲಿಕೆಯ ಗೊಂಬೆಗೆ ಮುಳ್ಳು ಚುಚ್ಚಿದರೆ ಶತ್ರುವಿಗೆ ನೋವಾಗುತ್ತದೆ. ಇನ್ನೊಂದು ಸಂಪರ್ಕ: ಒಬ್ಬನ ತಲೆಗೂದಲು, ಉಗುರು, ಕಾಲಡಿಯ ಮಣ್ಣು ಸಿಕ್ಕಿದರೆ ಅವನೇ ಸಿಕ್ಕಿದಂತೆ. ಕಾವ್ಯಮೀಮಾಂಸೆಯ ಪರಿಚಯವಿದ್ದವರು ಇದನ್ನು ಕೇಳಿ ಬೆಚ್ಚಬೇಕು. ಸಾದೃಶ್ಯವೆಂಬುದು ನಮ್ಮ ಉಪಮೆ ರೂಪಕಗಳ ಜೀವಾಳ. ಸಂಪರ್ಕವೆಂಬುದು ಲಕ್ಷಣಾವೃತ್ತಿಯ ಒಂದು ಆಧಾರ. ‘ಗಂಗೆಯಲ್ಲಿ ಹಳ್ಳಿ’ ಎಂದರೆ ಗಂಗೆಯ ದಡದಲ್ಲಿ ಎಂದು ನಾವು ತಿಳಿಯುವುದು ಸಾಮೀಪ್ಯದ ಬಲದಿಂದ. ಹಾಗಾದರೆ ಮಂತ್ರವಾದಿಯೂ ಕವಿಯೂ ಒಂದೇ ಗರಡಿಯವರು. ಕವಿ ‘ಹೋಲುತ್ತದೆ’ ಎನ್ನುವಲ್ಲಿ ಮಂತ್ರವಾದಿ ‘ಅದೇ ಆಗಿದೆ’ ಎನ್ನುತ್ತಾನೆ, ಅಷ್ಟೆ.

ಆಫ್ರಿಕದ ಅಜಾಂದೆ ಜನರ ನಡುವೆ ಇದ್ದು ಅವರ ಮಾಟದ ನಂಬಿಕೆಗಳನ್ನು ಕುರಿತು 1937ರಲ್ಲಿ ಗ್ರಂಥ ಬರೆದ ಇವಾನ್ಸ್ ಪ್ರಿಚರ್ಡ್ ಒಂದು ಉದಾಹರಣೆ ಕೊಡುತ್ತಾನೆ. ನೆರಳಿಗೆಂದು ಕಣಜದ ಕೆಳಗೆ ಜನ ಕೂತಿದ್ದಾರೆ. ಕಣಜ ಕುಸಿದು ಅವರ ಮೇಲೆ ಬೀಳುತ್ತದೆ. ಗೆದ್ದಲು ಕಂಬವನ್ನು ತಿಂದಿತ್ತೆಂಬುದು ಅಜಾಂದೆಯವನಿಗೆ ಚೆನ್ನಾಗಿ ಗೊತ್ತು. ಅವನ ಪ್ರಶ್ನೆ ಬೇರೆ: ಇವರೇ ಕೂತಿದ್ದಾಗ, ಈ ಗಳಿಗೆಯಲ್ಲೇ ಏಕೆ ಬಿತ್ತು? ಗೆದ್ದಲು ಇದಕ್ಕೆ ಉತ್ತರ ಹೇಳುವುದಿಲ್ಲ; ಮಾಟ ಹೇಳುತ್ತದೆ. ನಮ್ಮಜ್ಜಿಗೂ ಮಕ್ಕಳಿಗೆ ಜ್ವರ ಬರುವುದು ಸಹಜವೆಂದು ಗೊತ್ತಿತ್ತು. ಅವರು ಬೇಡಿದ್ದು ಜ್ವರದ ಕಾರಣವನ್ನಲ್ಲ. ‘ನಮ್ಮ ಕೂಸಿಗೇ ಏಕೆ’ ಎಂಬುದಕ್ಕೆ ಸಮಾಧಾನವನ್ನು. ಎದೆಯಲ್ಲಿ ಭಯವಿರುವವರ ಈ ಪ್ರಶ್ನೆಯನ್ನು ಗೇಲಿ ಮಾಡುವ ಹಕ್ಕು ಯಾರಿಗೂ ಇಲ್ಲ. ಕಷ್ಟವಿರುವುದು ಪ್ರಶ್ನೆಯಲ್ಲಲ್ಲ. ಆ ಪ್ರಶ್ನೆಗೆ ಬರುವ ಉತ್ತರಕ್ಕೆ ಯಾವಾಗಲೂ ಒಬ್ಬ ಮನುಷ್ಯನ ಮುಖವಿರುತ್ತದೆ. ಸಾಮಾನ್ಯವಾಗಿ ಅದು ದಿಕ್ಕಿಲ್ಲದವರ ಮುಖ.

ನಮ್ಮ ಸೀಮೆಯ ಜನಪದಕ್ಕೆ ಇದು ತಿಳಿಯದ ಸಂಗತಿಯೇನೂ ಅಲ್ಲ. ಮಲೆಯ ಮಾದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಕಥೆ ಬರುತ್ತದೆ. ಕಾಡಿಗೆ ಹೊರಟ ನೀಲೇಗೌಡನಿಗೆ ಹೆಂಡತಿಯ ಮೇಲೆ ಅನುಮಾನ. ತಾನಿಲ್ಲದಾಗ ತಪ್ಪು ನಡೆಯುವುದಿಲ್ಲವೆಂದು ಆಣೆಭಾಷೆ ಕೊಡೆಂದು ಪೀಡಿಸುತ್ತಾನೆ. ಅವಳು ಒಪ್ಪದಿದ್ದಾಗ ಹಿಂಸಿಸಿ, ಮಾಟದ ಕಟ್ಟು ಹಾಕಿ ಗುಡಿಸಲಿನಲ್ಲಿ ಬಿಟ್ಟು ಹೋಗುತ್ತಾನೆ. ಮಾದಪ್ಪ ಆ ಕಟ್ಟನ್ನು ಬಿಡಿಸಿ ಅವಳಿಗೆ ಮಕ್ಕಳ ಫಲ ಕೊಡುತ್ತಾನೆ. ಕಂಸಾಳೆಯವರು ಇದನ್ನು ಹಾಡುವಾಗ ಹೆಂಗಸರು ಕಣ್ಣೀರಿಡುತ್ತಾರೆ. ಇಲ್ಲಿ ಮಾಟವೆಂಬುದು ಅನುಮಾನದ ಕೈಗೆ ಬಂದ ಆಯುಧ. ದೇವರು ಯಾರ ಪಕ್ಷವೆಂಬುದರಲ್ಲಿ ಹಾಡುವವರಿಗೆ ಸಂಶಯವಿಲ್ಲ.

ಇಂಥ ಕಾವ್ಯ ಹುಟ್ಟಿದ ಸೀಮೆ ಪಟ್ಟಣದ ಓದುಗನ ಕಲ್ಪನೆಯಲ್ಲಿ ಏನಾಗಿದೆ ನೋಡಿ. ಕೊಳ್ಳೇಗಾಲವೆಂದೊಡನೆ ಅವನು ಮಾಟವೆನ್ನುತ್ತಾನೆ. 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದು ಆಮೇಲೆ ನಮ್ಮಲ್ಲಿಗೆ ಸೇರಿದ, ರೇಷ್ಮೆಯ ನೇಯ್ಗೆಯಿಂದ ಬದುಕು ಕಟ್ಟಿಕೊಂಡ ಊರದು. ಆ ಮಗ್ಗಗಳ ಸದ್ದು ಯಾರ ಕಿವಿಗೂ ಬೀಳುವುದಿಲ್ಲ. ಈ ಕೀರ್ತಿಯನ್ನು ಊರೂರಿಗೆ ಹಂಚಿದವರಲ್ಲಿ ಜನಪ್ರಿಯ ಪತ್ರಿಕೆಗಳ ಪಾಲೂ ಉಂಟು. 1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸೀದಳ’ ವಾರಪತ್ರಿಕೆಯ ಧಾರಾವಾಹಿಯಾಗಿ ಕನ್ನಡಕ್ಕೆ ಬಂದಾಗ, ಪತ್ರಿಕೆಯ ದಾರಿ ಕಾಯುತ್ತ ಕೂತ ಮನೆಗಳೆಷ್ಟೊ. 1985ರಲ್ಲಿ ಅದು ಚಲನಚಿತ್ರವೂ ಆಯಿತು. ಪುಟ್ಟ ಹುಡುಗಿಯ ಮೇಲೆ ಪ್ರಯೋಗವಾಗುವ ಕಾಷ್ಮೋರಾ ಅದರ ವಸ್ತು. ಆ ಕಾದಂಬರಿ ವೈದ್ಯನ ವಿವರಣೆಯನ್ನೂ ಮಾಂತ್ರಿಕನ ವಿವರಣೆಯನ್ನೂ ಅಕ್ಕಪಕ್ಕ ಇಟ್ಟು ನಡೆಯುತ್ತದೆ. ಆದರೆ ರಾತ್ರಿ ಹೊತ್ತು ಓದಿದವರ ಎದೆಯಲ್ಲಿ ಉಳಿದದ್ದು ಯಾವುದೆಂದು ಹೇಳಬೇಕಾಗಿಲ್ಲ.

ಓದುವ ಪಟ್ಟಣಿಗ ಹಳ್ಳಿಗನಿಗಿಂತ ವಿವೇಕಿ ಎಂದೇನೂ ತಿಳಿಯಬೇಕಾಗಿಲ್ಲ. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ನಂಬಿಕೆಯನ್ನು ಬೆಳೆಸಿದವರು ಅನಕ್ಷರಸ್ಥರಲ್ಲ. 1997ರಲ್ಲಿ ಚಾಮರಾಜನಗರ ಜಿಲ್ಲೆ ಹುಟ್ಟಿದಾಗ ಅದರ ಉದ್ಘಾಟನೆ ಜಿಲ್ಲಾ ಕೇಂದ್ರದಲ್ಲಿ ನಡೆಯದೆ ಮಲೆಮಹದೇಶ್ವರ ಬೆಟ್ಟದಲ್ಲಿ ನಡೆಯಿತು. ಬಂದು ಹೋದ ಮೇಲೆ ಅಧಿಕಾರ ಕಳೆದುಕೊಂಡವರ ಪಟ್ಟಿ ಎಲ್ಲರ ಬಾಯಲ್ಲಿತ್ತು. ಬಾರದೆ ಇದ್ದೂ ಅಧಿಕಾರ ಕಳೆದುಕೊಂಡವರ ಪಟ್ಟಿಯನ್ನು ಯಾರೂ ಮಾಡಲಿಲ್ಲ. 2013ರಿಂದ 2018ರವರೆಗೆ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಹಲವು ಬಾರಿ ಆ ಊರಿಗೆ ಹೋಗಿ ಬಂದು ಐದು ವರ್ಷದ ಅವಧಿಯನ್ನು ಮುಗಿಸಿದರು. ಅಷ್ಟು ವರ್ಷ ಒಂದು ನಗರವೇ ನಮ್ಮ ದೊಡ್ಡವ್ವನ ಸ್ಥಾನದಲ್ಲಿ ನಿಂತಿತ್ತು. ಅದರ ಬಾಗಿಲಿಗೆ ಬರಲು ದೊಡ್ಡವರು ಅಂಜುತ್ತಿದ್ದರು.

ಹಾಗಾದರೆ ಗೂಢಾರ್ಥವನ್ನು ಹುಡುಕುವುದೇ ತಪ್ಪೆ? ಸಾಹಿತ್ಯದ ವಿದ್ಯಾರ್ಥಿಯಾದ ನಾನು ಹಾಗೆ ಹೇಳಲಾರೆ. ಮರಳಿ ಬೇತಾಳನ ಕಡೆಗೆ ಹೋಗೋಣ. ಆ ಕಥೆಗಳ ಒಂದು ಪ್ರಸಿದ್ಧ ರೂಪ ಹನ್ನೊಂದನೆಯ ಶತಮಾನದ ಸೋಮದೇವನ ‘ಕಥಾಸರಿತ್ಸಾಗರ’ದಲ್ಲಿದೆ. ಅಲ್ಲಿಯ ಒಂದು ಕಥೆಯಲ್ಲಿ ಒಬ್ಬ ಹೆಂಗಸಿನ ಗಂಡನೂ ಅಣ್ಣನೂ ದೇವಿಯ ಗುಡಿಯಲ್ಲಿ ತಲೆ ಕಡಿದುಕೊಳ್ಳುತ್ತಾರೆ; ದೇವಿಯ ವರದಿಂದ ಬದುಕಿಸಿಕೊಳ್ಳುವಾಗ ಅವಳು ಗಾಬರಿಯಲ್ಲಿ ತಲೆಗಳನ್ನು ಅದಲುಬದಲು ಮಾಡುತ್ತಾಳೆ. ಗಂಡ ಯಾರು? ಅಂಗಗಳಲ್ಲಿ ಶಿರಸ್ಸೇ ಪ್ರಧಾನ, ಆದ್ದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ರಾಜನ ಉತ್ತರ. ಜರ್ಮನ್ ಲೇಖಕ ಥಾಮಸ್ ಮಾನ್ 1940ರಲ್ಲಿ ಇದನ್ನು ಇಬ್ಬರು ಗೆಳೆಯರ ಕಥೆಯಾಗಿ ಬರೆದ. ಗಿರೀಶ ಕಾರ್ನಾಡರು 1971ರ ‘ಹಯವದನ’ದಲ್ಲಿ ಅದನ್ನೇ ಕನ್ನಡದ ರಂಗಕ್ಕೆ ತಂದು, ಆ ಉತ್ತರವನ್ನೇ ಪ್ರಶ್ನೆ ಮಾಡಿದರು. ದೇಹಕ್ಕೆ ನೆನಪಿಲ್ಲವೆ? ಮನುಷ್ಯ ಪೂರ್ಣನಾಗುವುದು ಯಾವಾಗ?

ಇದೂ ಗೂಢಾರ್ಥವೇ. ಆದರೆ ಮರದ ಕೊಂಬೆಯಲ್ಲಿ ಅಕ್ಷರ ಹುಡುಕಿದ ನಮ್ಮ ಗೆಳೆಯನ ಗೂಢಾರ್ಥಕ್ಕೂ ಇದಕ್ಕೂ ಅಜಗಜಾಂತರ. ಅವನದು ಬೀಗದಕೈಯ ಅರ್ಥ. ಒಮ್ಮೆ ತೆರೆದರೆ ಬೀಗವೂ ಬೇಡ, ಕೈಯೂ ಬೇಡ. ನಿಧಿಯ ದಿಕ್ಕು ತಿಳಿದ ಮೇಲೆ ಹಾವಿನ ಬಾಲದಿಂದ ಏನಾಗಬೇಕಾಗಿದೆ? ಕಾವ್ಯದ ಪ್ರತೀಕ ಹಾಗಲ್ಲ. ಅದರ ಅರ್ಥ ಹೊಳೆದ ಮೇಲೂ ಕುದುರೆಯ ತಲೆ ಕುದುರೆಯ ತಲೆಯಾಗಿಯೇ ಉಳಿದು ಮತ್ತೆ ನಮ್ಮನ್ನು ಕಾಡುತ್ತದೆ. ಅದು ಓದುಗನನ್ನು ತನ್ನ ಕಡೆಗೇ ನೋಡಿಕೊಳ್ಳುವಂತೆ ಮಾಡುತ್ತದೆ. ಮಾಟದ ಓದು ನೆರೆಮನೆಯ ಕಡೆಗೆ ಬೆರಳು ತೋರಿಸುತ್ತದೆ.

ನಮ್ಮ ಆಲಂಕಾರಿಕರು ಲಕ್ಷಣೆಗೆ ಒಂದು ಕಟ್ಟಳೆ ಹಾಕಿದ್ದಾರೆ, ಅದು ಮುಖ್ಯಾರ್ಥಬಾಧ. ಮಾತಿನ ನೇರವಾದ ಅರ್ಥ ಹೊಂದದೆ ಹೋದಾಗ ಮಾತ್ರ ಇನ್ನೊಂದು ಅರ್ಥಕ್ಕೆ ಹೋಗಬೇಕು. ಹೊಳೆಯ ನೀರಿನ ಮೇಲೆ ಹಳ್ಳಿ ನಿಲ್ಲುವುದಿಲ್ಲ. ಆದ್ದರಿಂದ ದಡ ಎಂದು ತಿಳಿಯುತ್ತೇವೆ. ದಡದಲ್ಲಿರುವ ಹಳ್ಳಿಯನ್ನು ದಡದಲ್ಲಿದೆಯೆಂದೇ ಹೇಳಿದರೆ ಅಲ್ಲಿ ಲಕ್ಷಣೆಗೆ ಕೆಲಸವಿಲ್ಲ. ಕಾವ್ಯದ ಓದಿಗೆ ಹುಟ್ಟಿದ ಈ ಕಟ್ಟಳೆ ಬದುಕಿಗೂ ಸಲ್ಲುತ್ತದೆ. ನಮ್ಮ ಹೊಸಿಲಿನ ನಿಂಬೆಹಣ್ಣಿನ ಮುಖ್ಯಾರ್ಥವೇನೆಂದು ನಾವು ಯಾರೂ ಕೇಳಲೇ ಇಲ್ಲ.

ಅದು ನನಗೆ ಮುಂದಿನ ಅಮಾವಾಸ್ಯೆಗೆ ತಿಳಿಯಿತು. ನಮ್ಮ ಬೀದಿಯ ಕೊನೆಯ ಮನೆಯವರು ಆ ಕಾಲಕ್ಕೆ ಒಂದು ಲಾರಿ ಕೊಂಡಿದ್ದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಲಾರಿಯನ್ನು ತೊಳೆದು ನಮ್ಮ ಮನೆಯ ಎದುರಿಗೆ ತಂದು ನಿಲ್ಲಿಸಿದರು. ಚಾಲಕ ಕರ್ಪೂರ ಹಚ್ಚಿ, ನಿಂಬೆಹಣ್ಣನ್ನು ಕುಯ್ದು, ಕುಂಕುಮ ಮೆತ್ತಿ, ಲಾರಿಗೆ ನಿವಾಳಿಸಿ, ಒಂದು ಹೋಳನ್ನು ಎಡಕ್ಕೆ, ಒಂದು ಹೋಳನ್ನು ಬಲಕ್ಕೆ ಬೀಸಿ ಎಸೆದ. ಎಡದ ಹೋಳು ಉರುಳಿಕೊಂಡು ಬಂದು ನಮ್ಮ ಜಗಲಿಯ ಅಂಚಿಗೆ ನಿಂತಿತು. ನಾನು ಎದ್ದುಬಿದ್ದು ಒಳಕ್ಕೆ ಓಡಿ ಅಜ್ಜಿಗೆ ಹೇಳಿದೆ. ಅವರು ಕ್ಷಣಕಾಲ ಸುಮ್ಮನಿದ್ದು, ‘ಇದು ಅದೇ ಇರಬೌದು ಕಪ್ಪ, ಆದ್ರ ಅದು ಇದಲ್ಲ’ ಎಂದರು. ಆ ವೇಳೆಗೆ ತಂಗಿಯ ಜ್ವರ ಬಿಟ್ಟು ಮೂರು ವಾರವಾಗಿತ್ತು. ಗುಂಡ್ಲುಪೇಟೆಯ ಔಷಧಿಯಲ್ಲೇ ಬಿಟ್ಟಿತ್ತು. ದೊಡ್ಡವ್ವನಿಗೆ ಮುಚ್ಚಿದ ಬಾಗಿಲು ಮಾತ್ರ ಮುಚ್ಚಿಯೇ ಇತ್ತು.

ಒಂದು ದಿನ ಶಾಲೆಯಿಂದ ಬರುವಾಗ ಅವರು ನನ್ನನ್ನು ತಡೆದು ನಿಲ್ಲಿಸಿ ಕೇಳಿದರು: ‘ನಿನ್ ತಂಗಿಗ ಎಣ್ಣ ನೀರ ಹಾಕ್ದವಳು ನಾನಲ್ವ ಕೂಸು? ನಾನ್ಯಾಕ ಹಂಗ ಮಾಡ್ಲಿ?’ ಲಾರಿಯ ಸಂಗತಿಯನ್ನು ಅವರಿಗೆ ಹೇಳಬಹುದಾಗಿತ್ತು. ನಮ್ಮ ತಂದೆಯ ಮುಂದೆಯೂ ನಿಂತು ಹೇಳಬಹುದಾಗಿತ್ತು. ನಾನು ತಲೆ ತಗ್ಗಿಸಿಕೊಂಡು ಮನೆಗೆ ಹೋದೆ. ಎರಡು ವರ್ಷದ ಮೇಲೆ ಅವರು ಮಗಳ ಊರಿಗೆ ಹೊರಟುಹೋದರು, ಮತ್ತೆ ಬರಲಿಲ್ಲ. ಹರಳೆಣ್ಣೆ ತಂದಿದ್ದ ಅವರ ಹಿತ್ತಾಳೆಯ ಬಟ್ಟಲೊಂದು ನಮ್ಮ ಮನೆಯಲ್ಲೇ ಉಳಿಯಿತು. ನಮ್ಮ ತಾಯಿ ಅದನ್ನು ಬಳಸಲೂ ಇಲ್ಲ, ಯಾರಿಗೂ ಕೊಡಲೂ ಇಲ್ಲ.

ಈ ದೇಶದಲ್ಲಿ ಇಂಥ ನಂಬಿಕೆಗಳನ್ನು ಪರೀಕ್ಷೆಗೆ ಒಡ್ಡಿದ ಧೀರರಿದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ವೈಜ್ಞಾನಿಕ ಪರಿಶೀಲನೆಗಾಗಿ ಸಮಿತಿಯನ್ನೇ ರಚಿಸಿದ್ದರು. ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾನೂನನ್ನು ಕರ್ನಾಟಕದ ಶಾಸನಸಭೆ 2017ರಲ್ಲಿ ಅಂಗೀಕರಿಸಿತು. 2020ರಲ್ಲಿ ಅದು ಜಾರಿಗೆ ಬಂದಿತು. ಇವೆಲ್ಲ ಆಗಲೇಬೇಕಾದ ಕೆಲಸಗಳು. ಆದರೆ ಹಿಂಸೆ ನಡೆದರೆ ಕಾನೂನು ಕೈಹಾಕಬಲ್ಲುದು. ನೆರೆಯವಳು ಕೂಸನ್ನು ಎತ್ತಿಕೊಂಡಾಗ ತಾಯಿಯ ಮನಸ್ಸಿನಲ್ಲಿ ಏಳುವ ಅನುಮಾನಕ್ಕೆ ಅದರ ಕೈ ನಿಲುಕುವುದಿಲ್ಲ. ಅಲ್ಲಿ ಬೇಕಾದದ್ದು ಓದುವ ವಿವೇಕ.

ಆ ವಿವೇಕವನ್ನು ಬೇತಾಳನ ಕಥೆಯೇ ಕಲಿಸುತ್ತದೆಂದು ನನ್ನ ಭಾವನೆ. ಪ್ರತಿ ಸಲವೂ ಬೇತಾಳ ಒಗಟು ಹೇಳುತ್ತಾನೆ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ರಾಜನ ತಲೆ ಸಿಡಿಯುತ್ತದೆ. ಹೇಳಿದೊಡನೆ ಹೆಣ ಮರಳಿ ಮರಕ್ಕೆ ಹಾರುತ್ತದೆ. ‘ಚಂದಮಾಮ’ದಲ್ಲಿ ಇದಕ್ಕೆ ಕೊನೆಯೇ ಇರಲಿಲ್ಲ, ಮುಂದಿನ ಸಂಚಿಕೆ ಬರಬೇಕಲ್ಲ. ಆದರೆ ಸೋಮದೇವನಲ್ಲಿ ಕೊನೆಯುಂಟು. ಅಲ್ಲಿ ಇಪ್ಪತ್ತನಾಲ್ಕನೆಯ ಒಗಟು ವಿಚಿತ್ರವಾದದ್ದು: ತಂದೆ ಮಗಳನ್ನೂ ಮಗ ಆ ಮಗಳ ತಾಯಿಯನ್ನೂ ಮದುವೆಯಾದರೆ, ಅವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ರಾಜ ಯೋಚಿಸುತ್ತಾನೆ. ಅವನಿಗೆ ಗೊತ್ತಾಗುವುದಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆಯೆನ್ನದೆ ಸುಮ್ಮನೆ ನಡೆಯುತ್ತಾನೆ. ಆಗ ಬೇತಾಳ ಪ್ರಸನ್ನನಾಗಿ, ಹೆಣ ತರಲು ಕಳಿಸಿದ ಭಿಕ್ಷು ನಿನ್ನನ್ನೇ ಬಲಿ ಕೊಡಲು ಹೊಂಚಿದ್ದಾನೆಂಬ ನಿಜವನ್ನು ತಿಳಿಸಿ ಅವನ ಪ್ರಾಣ ಉಳಿಸುತ್ತಾನೆ. ಇಪ್ಪತ್ಮೂರು ಜಾಣ ಉತ್ತರಗಳಿಂದ ಆಗದ ಕೆಲಸ ಒಂದು ಪ್ರಾಮಾಣಿಕ ಮೌನದಿಂದ ಆಯಿತು.

ಗೊತ್ತಿದ್ದೂ ಹೇಳದೆ ಇರುವುದು ತಲೆ ಸಿಡಿಯಬೇಕಾದ ಅಪರಾಧವೆಂದೂ ಅದೇ ಕಥೆ ಹೇಳುತ್ತದೆ. ಈ ಮಾತು ನನ್ನನ್ನು ಕುರಿತೇ ಬರೆದದ್ದೆಂದು ನನಗೆ ಆಗಾಗ ಅನ್ನಿಸುವುದುಂಟು. ಜ್ವರ ಏಕೆ ಬಂತೆಂದು ತಿಳಿಯದಿದ್ದಾಗ ನಮ್ಮ ಮನೆಯವರು ಸುಮ್ಮನಿರಲಾರದೆ ಹೋದರು. ಹಣ್ಣು ಎಲ್ಲಿಂದ ಬಂತೆಂದು ತಿಳಿದ ಮೇಲೆ ನಾನು ಸುಮ್ಮನಾದೆ. ಇವೆರಡರ ನಡುವೆ ಒಬ್ಬ ಮುದುಕಿ ತನ್ನ ಊರು ಬಿಟ್ಟು ಹೋಗಬೇಕಾಯಿತು.

ಆದ್ದರಿಂದ ಶ್ರೋತೃಗಳೆ, ಪತ್ರಿಕೆಯ ಚಿತ್ರದಲ್ಲಾಗಲಿ, ಕಾವ್ಯದ ಪ್ರತೀಕದಲ್ಲಾಗಲಿ, ಎಷ್ಟು ಬೇಕಾದರೂ ಗೂಢಾರ್ಥ ಹುಡುಕಿ. ಅದರಿಂದ ಮನಸ್ಸು ಬೆಳೆಯುತ್ತದೆ. ಆದರೆ ಹುಡುಕಿದ ಅರ್ಥ ಒಬ್ಬ ಮನುಷ್ಯನ ಮೇಲೆ ಬೆರಳಿಡುವಂತಾದರೆ ಅಲ್ಲಿ ಒಂದು ಗಳಿಗೆ ನಿಂತು, ಮುಖ್ಯಾರ್ಥವೇನೆಂದು ವಿಚಾರಿಸಿ. ಬೀದಿಯ ಕೊನೆಯಲ್ಲಿ ಯಾರಾದರೂ ಹೊಸದಾಗಿ ಲಾರಿ ಕೊಂಡಿದ್ದಾರೆಯೆ ಎಂದು ಎದ್ದು ಹೋಗಿ ನೋಡಿ ಬರುವುದಕ್ಕೆ ಬಹಳ ಹೊತ್ತು ಹಿಡಿಯುವುದಿಲ್ಲ.